ಆಹಾರ, ಆರೋಗ್ಯ ಮತ್ತು ಕಲಾ ಪದವೀಧರ

ಪದವಿಯ ಕೊನೆಯ ವರ್ಷಕ್ಕೆ ಕಾಲಿಟ್ಟ ವಿದ್ಯಾರ್ಥಿಯನ್ನು ಕಂಡವರೆಲ್ಲರೂ ಕೇಳುವ ಪ್ರಶ್ನೆ ಒಂದೇ: “ಮುಂದೇನು?” ಇದಕ್ಕೆ ನಾವು ಕೊಡುವ ಉತ್ತರಗಳೂ ಬಹುಮಟ್ಟಿಗೆ ಒಂದೇ ಅಚ್ಚಿನವು. ಬಿ.ಎಡ್. ಮಾಡಿ ಉಪಾಧ್ಯಾಯರಾಗುವುದು, ಬ್ಯಾಂಕಿನ ಪರೀಕ್ಷೆ, ಲೋಕಸೇವಾ ಆಯೋಗದ ಪರೀಕ್ಷೆ, ಇವು ಯಾವುವೂ ಕೈಗೂಡದಿದ್ದರೆ ಊರಿಗೆ ಹಿಂದಿರುಗಿ ಹೊಲಗದ್ದೆ ನೋಡಿಕೊಳ್ಳುವುದು. ಆರೋಗ್ಯ ಮತ್ತು ಆಹಾರಕ್ಕೆ ಸಂಬಂಧಿಸಿದ ಉದ್ಯೋಗದ ಮಾತು ಬಂದರಂತೂ ಕಲಾ ವಿಭಾಗದ ವಿದ್ಯಾರ್ಥಿ ತಟ್ಟನೆ ಹೇಳಿಬಿಡುತ್ತಾನೆ: “ಅದು ವಿಜ್ಞಾನ ಓದಿದವರಿಗೆ, ನಮಗಲ್ಲ.” ಈ ಮಾತು ಎಷ್ಟರಮಟ್ಟಿಗೆ ನಿಜ, ಎಷ್ಟರಮಟ್ಟಿಗೆ ಬರಿಯ ಅಂಜಿಕೆ ಎಂಬುದನ್ನು ಇಲ್ಲಿ ಪರಿಶೀಲಿಸಬೇಕೆಂದಿದ್ದೇನೆ.

ಅರ್ಧ ನಿಜವೆಂಬುದನ್ನು ಮೊದಲೇ ಒಪ್ಪಿಕೊಳ್ಳೋಣ. ಪ್ರಕೃತಿ ಚಿಕಿತ್ಸೆಯ ವೈದ್ಯನಾಗಬೇಕೆನ್ನುವವನು ಪಿ.ಯು.ಸಿ. ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿರಲೇಬೇಕು. ಅದರ ಪದವಿ ಐದೂವರೆ ವರ್ಷದ್ದು: ನಾಲ್ಕೂವರೆ ವರ್ಷ ಪಾಠ, ಒಂದು ವರ್ಷ ಆಸ್ಪತ್ರೆಯ ತರಬೇತಿ. ನಮ್ಮ ರಾಜ್ಯದಲ್ಲಿ ಉಜಿರೆಯ ಕಾಲೇಜು 1989ರಲ್ಲಿ ಆರಂಭವಾಯಿತು. ಮೈಸೂರಿನಲ್ಲಿ ಸರ್ಕಾರಿ ಕಾಲೇಜೇ ಇದೆ. ಈ ವೈದ್ಯರ ನೋಂದಣಿಗೆ ನಮ್ಮಲ್ಲಿ 1961ರಷ್ಟು ಹಿಂದೆಯೇ ಶಾಸನವಾಗಿದೆ. ಆದ್ದರಿಂದ ನಾಲ್ಕು ಪುಸ್ತಕ ಓದಿ, ಬಾಗಿಲಿಗೆ ಫಲಕ ತೂಗುಹಾಕಿ, ತನ್ನ ಹೆಸರಿನ ಹಿಂದೆ ‘ಡಾಕ್ಟರ್’ ಎಂದು ಬರೆದುಕೊಳ್ಳಲು ಯಾರಿಗೂ ಅಧಿಕಾರವಿಲ್ಲ. ಆಸ್ಪತ್ರೆಯ ಪಥ್ಯಾಹಾರ ತಜ್ಞರ ವಿಷಯವೂ ಹೆಚ್ಚುಕಡಮೆ ಹೀಗೆಯೇ. ಅವರು ಗೃಹವಿಜ್ಞಾನ ಅಥವಾ ಆಹಾರ ವಿಜ್ಞಾನವನ್ನು ಕ್ರಮವಾಗಿ ಓದಿದವರಾಗಿರಬೇಕು. ಭಾರತೀಯ ಪಥ್ಯಾಹಾರ ತಜ್ಞರ ಸಂಘ ನಡೆಸುವ ನೋಂದಣಿ ಪರೀಕ್ಷೆಯೂ ಇದೆ. 2021ರಲ್ಲಿ ಸಂಸತ್ತು ಮಾಡಿದ ಆರೋಗ್ಯ ಸಹವೃತ್ತಿಗಳ ಕಾಯಿದೆ ಈ ವೃತ್ತಿಯನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿದೆ. ಹೀಗೆ ಎರಡು ಬಾಗಿಲುಗಳು ನಮಗೆ ಮುಚ್ಚಿವೆ.

ಆದರೆ ಮನೆಗೆ ಇರುವುದು ಎರಡೇ ಬಾಗಿಲುಗಳೇ?

ಸ್ವಾರಸ್ಯದ ಸಂಗತಿಯೆಂದರೆ, ಭಾರತದಲ್ಲಿ ಪ್ರಕೃತಿ ಚಿಕಿತ್ಸೆಗೆ ಮನೆಮಾತಾಗುವಷ್ಟು ಪ್ರಚಾರ ತಂದುಕೊಟ್ಟವರು ವೈದ್ಯರಲ್ಲ, ಒಬ್ಬ ಬ್ಯಾರಿಸ್ಟರರು. ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿದ್ದಾಗ ಜರ್ಮನಿಯ ಕೂನೆ ಮತ್ತು ಯುಸ್ಟ್ ಎಂಬವರ ಗ್ರಂಥಗಳನ್ನು ಓದಿ ಮಣ್ಣಿನ ಪಟ್ಟಿ, ತೊಟ್ಟಿಸ್ನಾನ, ಉಪವಾಸಗಳನ್ನು ತಮ್ಮ ಮೇಲೂ ಮನೆಯವರ ಮೇಲೂ ಪ್ರಯೋಗಿಸಿ ನೋಡಿದರು. 1946ರ ಮಾರ್ಚಿಯಲ್ಲಿ ಪುಣೆಯ ಸಮೀಪದ ಉರುಳಿಕಾಂಚನ ಎಂಬ ಹಳ್ಳಿಗೆ ಹೋಗಿ, ಬಡವರಿಗಾಗಿ ಚಿಕಿತ್ಸಾಲಯ ತೆರೆದು, ಅದರ ಹೊಣೆಯನ್ನು ಮಣಿಭಾಯಿ ದೇಸಾಯಿ ಎಂಬ ತರುಣರಿಗೆ ಒಪ್ಪಿಸಿದರು. ಗಾಂಧೀಜಿಯ ಎಲ್ಲ ನಂಬಿಕೆಗಳೂ ಇಂದಿನ ವಿಜ್ಞಾನದ ಒರೆಗಲ್ಲಿಗೆ ನಿಲ್ಲುತ್ತವೆಂದು ಹೇಳಲಾರೆ. ಆದರೆ ಅವರು ಹಿಡಿದ ಒಂದು ಎಳೆ ಗಟ್ಟಿಯಾದುದು. ಹಳ್ಳಿಯ ಬಡವನಿಗೆ ಔಷಧದ ಅಂಗಡಿ ದೂರ. ಅವನ ಆರೋಗ್ಯ ನಿರ್ಧಾರವಾಗುವುದು ಅವನ ನೀರು, ಅವನ ಕಕ್ಕಸು, ಅವನ ಊಟದಿಂದ. ಮಣಿಭಾಯಿಯವರು ಮುಂದೆ ಅದೇ ಊರಿನಲ್ಲಿ ಗೋಪಾಲನೆ, ಬೇಸಾಯಗಳ ಕಡೆಗೆ ತಿರುಗಿದುದು ಆಕಸ್ಮಿಕವಲ್ಲ.

ಇನ್ನು ಆಹಾರ ವಿಜ್ಞಾನದ ಕಡೆಗೆ ಬರೋಣ. ಈ ಶಾಸ್ತ್ರಕ್ಕೆ ನಮ್ಮ ದೇಶದಲ್ಲಿ ತಳಹದಿ ಬಿದ್ದದ್ದು 1918ರಲ್ಲಿ, ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ. ರಾಬರ್ಟ್ ಮೆಕ್ಯಾರಿಸನ್ ಎಂಬ ಸೇನಾ ವೈದ್ಯರು ಅಲ್ಲಿ ಬೆರಿಬೆರಿ ರೋಗದ ಪರಿಶೋಧನೆಗೆ ತೊಡಗಿದರು. ಆ ಕೋಣೆಯೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಲ್ಲಿ ರಾಷ್ಟ್ರೀಯ ಪೌಷ್ಟಿಕಾಹಾರ ಸಂಸ್ಥೆ ಎಂಬ ಹೆಸರು ಪಡೆಯಿತು.

ಬೆರಿಬೆರಿಯ ಕಥೆ ಕೇಳತಕ್ಕದ್ದು. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಐಕ್‌ಮನ್ ಎಂಬ ಡಚ್ ವೈದ್ಯರು ಸಾಕಿದ್ದ ಕೋಳಿಗಳು ಇದ್ದಕ್ಕಿದ್ದಂತೆ ಕಾಲು ಸೋತು ಬೀಳತೊಡಗಿದವು. ಕೆಲವು ತಿಂಗಳ ಮೇಲೆ ತಾವಾಗಿಯೇ ಚೇತರಿಸಿಕೊಂಡವು. ವಿಚಾರಿಸಿದಾಗ ತಿಳಿದುಬಂದದ್ದಿಷ್ಟು: ರೋಗ ಹಬ್ಬಿದ ದಿನಗಳಲ್ಲಿ ಆಸ್ಪತ್ರೆಯ ಅಡಿಗೆಯವನು ಸೈನಿಕರಿಗೆ ಮಾಡಿ ಉಳಿದ ಬಿಳಿ ಅನ್ನವನ್ನು ಕೋಳಿಗಳಿಗೆ ಹಾಕುತ್ತಿದ್ದ. ಅವನ ಜಾಗಕ್ಕೆ ಬಂದ ಹೊಸಬ, ಸೇನೆಯ ಅನ್ನ ಬೇರೆಯವರ ಕೋಳಿಗಳಿಗೇಕೆಂದು ನಿಲ್ಲಿಸಿಬಿಟ್ಟ. ಕೋಳಿಗಳಿಗೆ ತೌಡು ಕಳೆಯದ ಅಕ್ಕಿ ಬಿತ್ತು, ಅವು ಬದುಕಿದವು. ಒಬ್ಬ ಅಡಿಗೆಯವನ ಹಟದಿಂದ ಜೀವಸತ್ವಗಳ ಶಾಸ್ತ್ರಕ್ಕೆ ದಾರಿ ತೆರೆಯಿತೆಂದರೆ ಉತ್ಪ್ರೇಕ್ಷೆಯಾಗಲಾರದು. ಐಕ್‌ಮನ್ನರಿಗೆ 1929ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ತೌಡಿನಲ್ಲಿದ್ದು ಗಿರಣಿಯಲ್ಲಿ ಕಳೆದುಹೋಗುವ ಆ ವಸ್ತು ಥಯಾಮಿನ್, ಅಂದರೆ ಮೊದಲನೆಯ ‘ಬಿ’ ಜೀವಸತ್ವ.

ನಮ್ಮ ಕರಾವಳಿಯವರು ಇಲ್ಲಿ ಒಂದಿಷ್ಟು ಹೆಮ್ಮೆಪಡಬಹುದು. ಭತ್ತವನ್ನು ಮೊದಲು ನೆನಸಿ, ಬೇಯಿಸಿ, ಒಣಗಿಸಿ, ಅನಂತರ ಅಕ್ಕಿ ಮಾಡುವ ಪದ್ಧತಿಯಿಂದ ತೌಡಿನ ಜೀವಸತ್ವದ ಬಹುಭಾಗ ಕಾಳಿನ ಒಳಕ್ಕೆ ಇಳಿದು ಉಳಿಯುತ್ತದೆ. ಗಿರಣಿಯ ಬೆಳತಿಗೆ ಅಕ್ಕಿಯನ್ನೇ ನೆಚ್ಚಿಕೊಂಡಿದ್ದ ಆಂಧ್ರದ ಉತ್ತರ ತೀರಪ್ರದೇಶದಲ್ಲಿ ಬೆರಿಬೆರಿ ನೆಲೆಯೂರಿದ್ದಾಗ, ಕುಚ್ಚಲಕ್ಕಿ ಉಣ್ಣುವ ಪ್ರಾಂತಗಳಿಗೆ ಆ ಕಾಟ ತಟ್ಟಲಿಲ್ಲ. ನಮ್ಮ ಅಜ್ಜಿಯಂದಿರು ಥಯಾಮಿನ್ ಎಂಬ ಶಬ್ದವನ್ನು ಕೇಳಿರಲಿಲ್ಲ, ನಿಜ. ಆದರೂ ಅವರ ಗಂಜಿಯಲ್ಲಿ ಅದು ಇತ್ತು.

ಮೆಕ್ಯಾರಿಸನ್ನರ ಇನ್ನೊಂದು ಪ್ರಯೋಗ ನಮಗೆ ಅಷ್ಟು ಹಿತವಾಗಿರಲಾರದು. 1920ರ ದಶಕದಲ್ಲಿ ಅವರು ಒಂದೇ ವಯಸ್ಸಿನ ಎಳೆಯ ಇಲಿಗಳನ್ನು ಏಳು ಗುಂಪುಗಳಾಗಿ ವಿಂಗಡಿಸಿ, ಭಾರತದ ಏಳು ಜನವರ್ಗಗಳ ಊಟವನ್ನು ಒಂದೊಂದು ಗುಂಪಿಗೆ ಉಣಿಸಿ, ತೂಕ ನೋಡಿದರು. ಗೋಧಿರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿ ಸೇರಿದ್ದ ಸಿಖ್ಖರ ಊಟ ತಿಂದ ಇಲಿಗಳು ಎಲ್ಲಕ್ಕಿಂತ ಚೆನ್ನಾಗಿ ಬೆಳೆದವು. ಮದರಾಸಿನ ಊಟದವು ಎಲ್ಲಕ್ಕಿಂತ ಹಿಂದೆ ಬಿದ್ದವು. ಕನ್ನಡಿಗರ ಊಟ ತಿಂದವುಗಳಿಗೆ ಐದನೆಯ ಸ್ಥಾನ! ಇದನ್ನು ಓದಿ ನಗಬಹುದು. ಇಲಿ ಮನುಷ್ಯನಲ್ಲ, ಕನ್ನಡಿಗರೆಲ್ಲರ ಊಟ ಒಂದೇ ಎಂದು ಯಾರು ಹೇಳಿದರು ಎಂದು ತರ್ಕವನ್ನೂ ಮಾಡಬಹುದು. ತರ್ಕ ಸರಿಯೇ. ಬಳ್ಳಾರಿಯ ಜೋಳದ ರೊಟ್ಟಿಗೂ ಮಂಡ್ಯದ ಮುದ್ದೆಗೂ ಮಂಗಳೂರಿನ ಮೀನು-ಗಂಜಿಗೂ ಏನು ಸಂಬಂಧ? ಆದರೆ ಈ ತರ್ಕವನ್ನು ಮುಂದಕ್ಕೆ ಒಯ್ದರೆ ನಾವು ಪ್ರಯೋಗಶಾಲೆಯಿಂದ ಹೊರಕ್ಕೆ ಬಂದುಬಿಡುತ್ತೇವೆ. ಯಾರು ಏನನ್ನು ಉಣ್ಣುತ್ತಾರೆ, ಏಕೆ ಉಣ್ಣುತ್ತಾರೆ, ಏಕೆ ಉಣ್ಣುವುದಿಲ್ಲ ಎಂಬ ಪ್ರಶ್ನೆಗಳಿಗೆ ಇಲಿ ಉತ್ತರ ಕೊಡಲಾರದು. ಅದನ್ನು ಮನೆಮನೆಗೆ ಹೋಗಿ ಕೇಳಬೇಕು.

ನನ್ನ ವಾದದ ತಿರುಳು ಇರುವುದು ಇಲ್ಲಿಯೇ. ಆಹಾರದ ಗುಣವನ್ನು ಅಳೆಯುವುದು ರಸಾಯನಶಾಸ್ತ್ರ. ಆದರೆ ಆ ಆಹಾರ ತಟ್ಟೆಗೆ ಬರುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಬೆಲೆ, ಕೂಲಿ, ಜಾತಿ, ಸಂಪ್ರದಾಯ, ಮನೆಯಲ್ಲಿ ಯಾರು ಮೊದಲು ಉಣ್ಣುತ್ತಾರೆ ಎಂಬ ಕಟ್ಟಳೆ. ಇವು ನಾವು ಅರ್ಥಶಾಸ್ತ್ರದಲ್ಲಿಯೂ ಸಮಾಜಶಾಸ್ತ್ರದಲ್ಲಿಯೂ ದಿನವೂ ಓದುತ್ತಿರುವ ಸಂಗತಿಗಳು.

ಕೂನೂರಿನ ಪ್ರಯೋಗಶಾಲೆಯನ್ನು 1935ರಿಂದ 1945ರವರೆಗೆ ನಡೆಸಿದ ಆಯ್ಕ್ರಾಯ್ಡ್ ಎಂಬವರು ಭಾರತದ ಆಹಾರಪದಾರ್ಥಗಳ ಗುಣಗಳನ್ನು ಪಟ್ಟಿಮಾಡಿ 1937ರಲ್ಲಿ ಪುಸ್ತಕ ಪ್ರಕಟಿಸಿದರು. ಅದೇ ಮಹಾಶಯರು 1943ರ ಬಂಗಾಳದ ಕ್ಷಾಮದ ವಿಚಾರಣಾ ಆಯೋಗದ ಸದಸ್ಯರೂ ಆಗಿದ್ದರು. ಲಕ್ಷಾಂತರ ಜನ ಸತ್ತುದು ಏಕೆಂಬ ಪ್ರಶ್ನೆಗೆ ಆಯೋಗ ತನ್ನದೇ ಉತ್ತರ ಕೊಟ್ಟಿತು. ಮುಂದೆ 1981ರಲ್ಲಿ ಅಮರ್ತ್ಯ ಸೇನರು ಅದೇ ಅಂಕಿಅಂಶಗಳನ್ನು ಮತ್ತೆ ಜಾಲಾಡಿ, ಧಾನ್ಯದ ಅಭಾವಕ್ಕಿಂತ ಹೆಚ್ಚಾಗಿ ಕೂಲಿಕಾರ, ಬೆಸ್ತ, ಕುಶಲಕರ್ಮಿಗಳ ಕೊಳ್ಳುವ ಶಕ್ತಿ ಕುಸಿದುದೇ ಕಾರಣವೆಂದು ವಾದಿಸಿದರು. ಆಹಾರದ ಬಗ್ಗೆ ಇಷ್ಟು ದೊಡ್ಡ ಮಾತನ್ನು ಹೇಳಿದವರು ಅರ್ಥಶಾಸ್ತ್ರದ ಅಧ್ಯಾಪಕರು ಎಂಬುದನ್ನು ಗಮನಿಸಬೇಕು.

ಮೈಸೂರಿನ ಉದಾಹರಣೆಯನ್ನೂ ಕೊಡಬಹುದು. 1950ರ ಅಕ್ಟೋಬರಿನಲ್ಲಿ ಚೆಲುವಾಂಬ ವಿಲಾಸದ ಭವ್ಯ ಕಟ್ಟಡದಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯ ಆರಂಭವಾಯಿತು. ಮೊದಲ ನಿರ್ದೇಶಕರಾದ ಡಾ. ವಿ. ಸುಬ್ರಹ್ಮಣ್ಯನ್ನರ ಕಾಲದಲ್ಲಿ ಕಡಲೆಕಾಯಿ ಹಿಟ್ಟು, ಕಡಲೆ ಹಿಟ್ಟುಗಳನ್ನು ಬೆರೆಸಿ, ಜೀವಸತ್ವ ಮತ್ತು ಸುಣ್ಣದಂಶ ಕೂಡಿಸಿ ‘ವಿವಿಧೋದ್ದೇಶ ಆಹಾರ’ವನ್ನು ತಯಾರಿಸಿದರು. ಆಗ ಲೋಕದ ವಿದ್ವಾಂಸರೆಲ್ಲ ‘ಸಸಾರಜನಕದ ಕೊರತೆ’ಯೊಂದನ್ನೇ ಜಪಿಸುತ್ತಿದ್ದ ಕಾಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ಅಂಕಿಅಂಶ ವಿಭಾಗದ ಮುಖ್ಯಸ್ಥರಾಗಿದ್ದ ಪಿ.ವಿ. ಸುಖಾತ್ಮೆಯವರು ಮತ್ತು ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ನರು ಲೆಕ್ಕ ಹಾಕಿ ತೋರಿಸಿದ್ದು ಬೇರೆ: ಧಾನ್ಯ, ಬೇಳೆಗಳನ್ನು ಹೊಟ್ಟೆ ತುಂಬ ಉಂಡವನಿಗೆ ಸಸಾರಜನಕವೂ ಬಹುಮಟ್ಟಿಗೆ ಸಾಕಷ್ಟು ಸಿಗುತ್ತದೆ, ನಮ್ಮ ಮಕ್ಕಳಿಗಿರುವುದು ಊಟದ್ದೇ ಕೊರತೆ. ಮೈಸೂರಿನ ಸಂಶೋಧನೆ ವ್ಯರ್ಥವಾಯಿತೆಂದು ಇದರ ಅರ್ಥವಲ್ಲ. ಪುಡಿಯನ್ನು ಹಂಚುವುದಕ್ಕಿಂತ ಮೊದಲು ಅನ್ನದ ಲೆಕ್ಕ ನೋಡಿ ಎಂಬುದು ಇದರ ಅರ್ಥ.

ಇನ್ನು ನಮ್ಮ ರಾಗಿಯ ಅವಸ್ಥೆಯನ್ನು ನೋಡಿ. ಹಳೆಯ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಸುಣ್ಣದಂಶ. 2017ರ ಹೊಸ ಪಟ್ಟಿಯಲ್ಲಿ 364. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ಹೀಗಿದ್ದರೂ ಮನೆಗೆ ನೆಂಟರು ಬಂದರೆ ಮುದ್ದೆ ಮರೆಯಾಗಿ ಅನ್ನ ಮುಂದೆ ಬರುತ್ತದೆ. ಮದುವೆಯಲ್ಲಿ ಮುದ್ದೆ ಬಡಿಸಿದರೆ ಮಾನ ಹೋಯಿತೆನ್ನುವ ಮನೆಗಳೂ ಇವೆ. ಈಚೆಗೆ, ಅದರಲ್ಲಿಯೂ 2023ನ್ನು ಕಿರುಧಾನ್ಯಗಳ ಅಂತಾರಾಷ್ಟ್ರೀಯ ವರ್ಷವೆಂದು ಆಚರಿಸಿದ ಮೇಲೆ, ಅದೇ ರಾಗಿ ಬಣ್ಣದ ಪೊಟ್ಟಣದಲ್ಲಿ ಕುಳಿತು ಪಟ್ಟಣದ ದೊಡ್ಡ ಅಂಗಡಿಗಳಿಗೆ ಹೋಗಿದೆ. ಬೆಳೆದವನು ನ್ಯಾಯಬೆಲೆ ಅಂಗಡಿಯ ಅಕ್ಕಿ ಉಣ್ಣುತ್ತಾನೆ, ಪಟ್ಟಣದವನು ಅವನ ರಾಗಿಯನ್ನು ಬಿಸ್ಕತ್ತಾಗಿ ತಿನ್ನುತ್ತಾನೆ! ಪ್ರತಿಷ್ಠೆ ಎಂಬುದು ಯಾವ ಪೌಷ್ಟಿಕಾಂಶದ ಪಟ್ಟಿಯಲ್ಲಿಯೂ ಇಲ್ಲ. ಆದರೆ ಅದಿಲ್ಲದೆ ಆಹಾರದ ವಿಚಾರ ಅರ್ಥವಾಗುವುದಿಲ್ಲ.

ರಾಗಿಯ ನಾಡಿನಲ್ಲಿ ನಮ್ಮ ಸ್ಥಿತಿ ಹೇಗಿದೆ? 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ನಮ್ಮ ತರಗತಿಯ ಸಹೋದರಿಯರೂ ಈ ಲೆಕ್ಕದೊಳಗೆ ಬರುತ್ತಾರೆಂಬುದನ್ನು ಮರೆಯಬಾರದು.

ಈ ಕೆಲಸ ನಡೆಯುವ ಬಗೆಯನ್ನು ಕಣ್ಣಾರೆ ನೋಡಬೇಕೆಂದು ರಜೆಯಲ್ಲಿ ನಮ್ಮೂರಿನ ಅಂಗನವಾಡಿಗೆ ಕೆಲವು ದಿನ ಹೋಗಿದ್ದೆ. ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದಾಗ ನಮ್ಮ ತಿರುಮಕೂಡಲು ನರಸೀಪುರವೂ ಅವುಗಳಲ್ಲಿ ಒಂದಾಗಿತ್ತು. ಇಂದು ಅಂಗನವಾಡಿಯಿಲ್ಲದ ಊರು ಅಪರೂಪ. ಒಂದು ದಿನ ಹತ್ತು ತಿಂಗಳ ಮಗುವೊಂದನ್ನು ತೂಕ ಮಾಡಿ, ಟೀಚರಮ್ಮ ಪುಸ್ತಕದಲ್ಲಿ ಚುಕ್ಕಿ ಇಟ್ಟರು. ಗೆರೆ ಮೂರು ತಿಂಗಳಿಂದ ಚಪ್ಪಟೆಯಾಗಿಯೇ ಇತ್ತು. ಮಗುವನ್ನು ಎತ್ತಿಕೊಂಡು ಬಂದಿದ್ದವಳು ಅಜ್ಜಿ.

“ಅಜ್ಜಿ, ಮಗೀಗೆ ಏನು ಉಣ್ಣಿಸ್ತಾ ಇದ್ದೀರಿ?”

“ಇನ್ನೇನವ್ವಾ, ಬ್ಯಾಳೆ ಕಟ್ಟು ಬಸಿದು ಅನ್ನಕ್ಕೆ ಕಲಸಿ ತಿನ್ನಿಸ್ತೀವಿ. ಗಟ್ಟಿ ಕೊಟ್ರೆ ಅರಗಾಕಿಲ್ಲ.”

“ಕಟ್ಟು ಮಗೀಗೆ, ಬ್ಯಾಳೆ ನಿಮಗೋ?” ಎಂದು ಟೀಚರಮ್ಮ ನಕ್ಕರು. “ಬ್ಯಾಳೇನೇ ನುಣ್ಣಗೆ ಕಿವುಚಿ ಹಾಕಿ ಅಜ್ಜಿ. ಮೇಲೊಂದು ಚಮಚ ಎಣ್ಣೆನೋ ತುಪ್ಪಾನೋ ಬಿಡಿ. ದಿನಕ್ಕೆ ಎರಡು ಸಲ ಅಲ್ಲ, ನಾಕು ಸಲ.”

“ಭೇದಿ ಹತ್ಕಂಡ್ರೆ?”

“ಹತ್ತಿದ್ರೆ ಉಪ್ಪು-ಸಕ್ಕರೆ ನೀರು ಕುಡಿಸ್ತಾ ನನ್ನ ಕರೀರಿ, ನಾನು ಬರ್ತೀನಿ.”

ಸಸಾರಜನಕವೆಂಬ ಶಬ್ದ ಬರಲಿಲ್ಲ, ಅಜ್ಜಿಯನ್ನು ಜರೆಯಲಿಲ್ಲ. ಎಳೆಯ ಮಗುವಿನ ಹೊಟ್ಟೆ ಸಣ್ಣದು, ಆದುದರಿಂದ ತುತ್ತು ಸಾಂದ್ರವಾಗಿರಬೇಕು, ಪದೇಪದೇ ಕೊಡಬೇಕು ಎಂಬ ಶಾಸ್ತ್ರವೆಲ್ಲ ಆ ನಾಲ್ಕು ಮಾತಿನಲ್ಲಿತ್ತು. ಮುಂದಿನ ತಿಂಗಳು ನಾನು ಊರಿಗೆ ಹೋದಾಗ ಟೀಚರಮ್ಮ ತಾವಾಗಿಯೇ ಪುಸ್ತಕ ತೆರೆದು ತೋರಿಸಿದರು. ಗೆರೆ ಮೇಲಕ್ಕೆ ತಿರುಗಿತ್ತು. “ಬೇರೆ ಯಾವ ಕೆಲಸದಲ್ಲಪ್ಪಾ ಇಷ್ಟು ಬೇಗ ಕಣ್ಣಿಗೆ ಕಾಣುತ್ತೆ?” ಎಂದರು. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಅದು ನ್ಯಾಯವೆಂದು ನನಗೆ ತೋರುವುದಿಲ್ಲ. ತೃಪ್ತಿಯಿದೆಯೆಂದ ಮಾತ್ರಕ್ಕೆ ಕಡಮೆ ಕೊಟ್ಟರೆ ಸಾಕೆಂಬ ವಾದ ಸಲ್ಲದು. ಆದರೆ ಅವರ ಮುಖದಲ್ಲಿ ಕಂಡದ್ದನ್ನು ನಾನು ಇಲ್ಲವೆನ್ನಲಾರೆ.

ಹಾಗಾದರೆ ಕಲಾ ಪದವೀಧರನಿಗೆ ಇರುವ ಹಾದಿಗಳು ಯಾವುವು? ಅಂಗನವಾಡಿಗಳ ಮೇಲ್ವಿಚಾರಣೆ, ಶಿಶು ಅಭಿವೃದ್ಧಿ ಇಲಾಖೆಯ ಹುದ್ದೆಗಳು, ಶಾಲೆಗಳ ಬಿಸಿಯೂಟದ ಆಡಳಿತ, ಸ್ವಯಂಸೇವಾ ಸಂಸ್ಥೆಗಳ ಆರೋಗ್ಯ ಶಿಕ್ಷಣದ ಕೆಲಸ, ಆಹಾರ ಸಮೀಕ್ಷೆ, ಪತ್ರಿಕಾ ಬರೆವಣಿಗೆ, ಇವೆಲ್ಲ ಇವೆ. ಪದವಿಯ ಅನಂತರ ಸಮಾಜಕಾರ್ಯದ ಸ್ನಾತಕೋತ್ತರ ಶಿಕ್ಷಣ ಪಡೆಯಬಹುದು. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ತರಗತಿಗೂ ಕೆಲವು ಸಂಸ್ಥೆಗಳು ಯಾವುದೇ ಪದವೀಧರರನ್ನು ಸೇರಿಸಿಕೊಳ್ಳುತ್ತವೆ. ಕೈಯಲ್ಲಿ ಹಣವಿಲ್ಲದವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ ಪೌಷ್ಟಿಕತೆ ಮತ್ತು ಆರೋಗ್ಯ ಶಿಕ್ಷಣದ ಡಿಪ್ಲೊಮಾ ಒಳ್ಳೆಯ ಮೆಟ್ಟಿಲು. ಅದಕ್ಕೆ ವಿಜ್ಞಾನ ಓದಿರಬೇಕೆಂಬ ಕಟ್ಟುಪಾಡಿಲ್ಲ. ಪ್ರವೇಶದ ನಿಯಮಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನೇ ನಂಬಬೇಕು. 1972ರಲ್ಲಿ ಸ್ಥಾಪನೆಯಾಗಿ ಹಲವು ದಶಕ ಕರ್ನಾಟಕವೂ ಸೇರಿ ಅನೇಕ ರಾಜ್ಯಗಳ ಊಟವನ್ನು ಅಳೆದ ರಾಷ್ಟ್ರೀಯ ಪೌಷ್ಟಿಕತಾ ಸಮೀಕ್ಷಾ ಮಂಡಲಿಯ ತಂಡಗಳಲ್ಲಿ ವೈದ್ಯ, ಆಹಾರ ತಜ್ಞರ ಜೊತೆಗೆ ಸಮಾಜಕಾರ್ಯಕರ್ತನೂ ಇರುತ್ತಿದ್ದನು. ಬಾಗಿಲು ತೆರೆಸಿ, ಮನೆಯವರೊಡನೆ ಮಾತಾಡಿ, ನಿಜ ಹೇಳಿಸುವ ವಿದ್ಯೆ ಅವನದು.

ಬಿಸಿಯೂಟದ ವಿಷಯದಲ್ಲಿ ಒಂದು ಮಾತು. ಸರ್ವೋಚ್ಚ ನ್ಯಾಯಾಲಯದ 2001ರ ಆಜ್ಞೆಯ ಅನಂತರ ನಮ್ಮಲ್ಲಿ ಅಕ್ಷರ ದಾಸೋಹ ಬಂದಿತು. 2013ರಲ್ಲಿ ಹಾಲು ಸೇರಿತು. 2021ರ ಡಿಸೆಂಬರಿನಲ್ಲಿ ಕೆಲವು ಜಿಲ್ಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ ಎದ್ದ ವಾದವಿವಾದ ಮೊಟ್ಟೆಯ ಗುಣದ ಮೇಲಲ್ಲ, ಯಾರ ಆಹಾರ ಶಾಲೆಯೊಳಗೆ ಬರಬೇಕು ಎಂಬುದರ ಮೇಲೆ. ತಿನ್ನದವರಿಗೆ ಬಾಳೆಹಣ್ಣು ಎಂದು ದಾರಿ ಮಾಡಲಾಯಿತು. ಇಂಥಲ್ಲಿ ರಸಾಯನಶಾಸ್ತ್ರಜ್ಞನಿಗಿಂತ ಊರಿನ ಒಡನಾಟ ಬಲ್ಲವನೇ ಹೆಚ್ಚು ಬೇಕಾಗುತ್ತಾನೆ.

ಆದರೆ ಈ ಕ್ಷೇತ್ರಕ್ಕೆ ಇಳಿಯುವವನು ಒಂದು ಗೆರೆಯನ್ನು ದಾಟಬಾರದು. ಆಹಾರದ ತಿಳಿವಳಿಕೆ ಕೊಡುವುದು ಬೇರೆ, ರೋಗಕ್ಕೆ ಚಿಕಿತ್ಸೆ ಮಾಡುವುದು ಬೇರೆ. “ಕಬ್ಬಿಣದ ಅಂಶವಿರುವ ಸೊಪ್ಪು-ಕಾಳಿನ ಊಟದ ಜೊತೆ ನಿಂಬೆಹುಳಿ ಹಿಂಡಿಕೊಳ್ಳಿ, ಊಟದ ಬೆನ್ನಿಗೇ ಕಾಫಿ, ಟೀ ಕುಡಿಯಬೇಡಿ” ಎಂದು ಯಾರು ಬೇಕಾದರೂ ಹೇಳಬಹುದು. ಹುಳಿ ಆ ಅಂಶವನ್ನು ರಕ್ತಕ್ಕೆ ಸೇರಿಸಲು ನೆರವಾಗುತ್ತದೆ, ಕಾಫಿ-ಟೀ ತಡೆಯುತ್ತವೆ. ಆದರೆ ತೀವ್ರ ರಕ್ತಹೀನತೆಯ ಗರ್ಭಿಣಿಗೆ “ಗುಳಿಗೆ ಬೇಡ, ಬೀಟ್‌ರೂಟ್ ಸಾಕು” ಎನ್ನುವವನು ಅಪರಾಧಿ. ಸಿಹಿಮೂತ್ರದ ರೋಗಿ ಯಾರದೋ ಮಾತು ಕೇಳಿ ಇನ್ಸುಲಿನ್ ಬಿಟ್ಟು ಉಪವಾಸ ಕುಳಿತರೆ ಪ್ರಾಣಕ್ಕೇ ಅಪಾಯ; ಕ್ಷಯರೋಗಕ್ಕೆ ಒಳ್ಳೆಯ ಊಟ ಬೇಕೇ ಬೇಕು, ಆದರೆ ಔಷಧ ಬಿಟ್ಟರೆ ಊಟ ಕಾಯುವುದಿಲ್ಲ. ‘ಮೂರು ತಿಂಗಳಲ್ಲಿ ತಜ್ಞರಾಗಿ’ ಎಂಬ ಜಾಹೀರಾತುಗಳು ಇಂದು ಎಲ್ಲೆಡೆ ಕಾಣುತ್ತವೆ. ಡಬ್ಬಿಯ ಪುಡಿಯನ್ನು ನೆಂಟರಿಷ್ಟರಿಗೆ ಮಾರುವುದನ್ನೇ ‘ಆರೋಗ್ಯ ಸೇವೆ’ ಎನ್ನುವ ವ್ಯಾಪಾರವೂ ಇದೆ. ಕಲಿಸುವವನ ಆದಾಯ ಆ ಡಬ್ಬಿಯ ಮಾರಾಟದಿಂದಲೇ ಬರುತ್ತಿದ್ದರೆ ಅದು ವಿದ್ಯೆಯಲ್ಲವೆಂದು ಗುರುತಿಸುವುದು ಕಷ್ಟವೇನಲ್ಲ.

ಆಸಕ್ತಿಯುಳ್ಳ ಮಿತ್ರರು ಯಾವ ಕೋರ್ಸಿಗೂ ಕಾಯದೆ ಇಂದೇ ಒಂದು ಕೆಲಸ ಮಾಡಿ ನೋಡಬಹುದು. ಆಹಾರ ಸಮೀಕ್ಷೆಯಲ್ಲಿ ‘ಇಪ್ಪತ್ತನಾಲ್ಕು ಗಂಟೆಯ ನೆನಪು’ ಎಂಬ ವಿಧಾನವಿದೆ. ನಿನ್ನೆ ಬೆಳಗಿನಿಂದ ಇಂದು ಬೆಳಗಿನವರೆಗೆ ಏನೇನು ತಿಂದಿರಿ, ಎಷ್ಟು ತಿಂದಿರಿ ಎಂದು ಕೇಳಿ, ಅಳತೆಯ ಬಟ್ಟಲುಗಳ ನೆರವಿನಿಂದ ಬರೆದುಕೊಂಡು, ಪಟ್ಟಿ ನೋಡಿ ಲೆಕ್ಕ ಕಟ್ಟುವುದು. ಮೊದಲು ವಿದ್ಯಾರ್ಥಿನಿಲಯದ ಹತ್ತು ಜನರನ್ನು ಕೇಳಿ. ಅನಂತರ ರಜೆಯಲ್ಲಿ ನಿಮ್ಮ ಮನೆಯಲ್ಲಿ ಕೇಳಿ, ಅಪ್ಪನ ಲೆಕ್ಕವನ್ನೂ ಅಮ್ಮನ ಲೆಕ್ಕವನ್ನೂ ಬೇರೆಬೇರೆಯಾಗಿ ಬರೆಯಿರಿ. “ನಂದೇನು ಬರಕೊಳ್ತೀಯೋ, ಉಳಿದದ್ದು ತಿಂದೆ” ಎಂದು ಅಮ್ಮ ಹೇಳಿದರೆ ಅಲ್ಲಿಗೇ ಬಿಡದೆ, ಉಳಿದದ್ದು ಎಷ್ಟಿತ್ತೆಂದು ಕೇಳಿ, ಬಟ್ಟಲಿನಲ್ಲಿ ಅಳೆದು ಬರೆದುಕೊಳ್ಳಿ.